ಬೀಗ ಹಾಕಿದವರೇ ಡಾಕ್ಟರನ್ನೂ ಕರೀಬೇಕು

(ಕಾನೂನು ಓದೋರು, ನರ್ಸಿಂಗ್ ಓದೋರು ಇಬ್ರೂ ಸೇರಿದ್ದ ಒಂದು ಸಭೇಲಿ ಆಡಿದ ಮಾತು ಇದು. ರೆಕಾರ್ಡಿಂಗ್ ಹಾಕ್ಕೊಂಡು ಬರೆದಿದ್ದು, ಹಾಗಾಗಿ ಮಾತಿನ ಧಾಟಿ ಹಂಗೇ ಉಳಿದಿದೆ. ಸುಮ್ನೆ ಎಳೆದಿದ್ದ ಕಡೆ ಕತ್ತರಿ ಹಾಕಿದೀನಿ.)

ಎಲ್ಲರಿಗೂ ನಮಸ್ಕಾರ. ಹಿಂದೆ ಕೂತಿರೋರಿಗೆ ಮೈಕ್ ಕೇಳಿಸ್ತಿದೆ ಅಲ್ವಾ? ಸರಿ.

ಇವತ್ತಿನ ವಿಷಯ ಕೈದಿಗಳ ಆರೋಗ್ಯದ ಹಕ್ಕು. ಇಷ್ಟು ಹೇಳಿದ ತಕ್ಷಣ ಅರ್ಧ ಜನದ ಮುಖದಲ್ಲಿ ಒಂದು ಪ್ರಶ್ನೆ ಕಾಣುತ್ತೆ, ಹೊರಗಿರೋ ಬಡವರಿಗೇ ನೆಟ್ಟಗೆ ಟ್ರೀಟ್‌ಮೆಂಟ್ ಸಿಗಲ್ಲ, ತಪ್ಪು ಮಾಡಿ ಒಳಗೆ ಹೋದೋರಿಗೆ ಯಾಕ್ರೀ ಇದೆಲ್ಲ ಅಂತ. ಕೆಟ್ಟ ಪ್ರಶ್ನೆ ಏನಲ್ಲ ಅದು. ಕೊನೇಲಿ ಯಾರಾದ್ರೂ ಕೇಳೇ ಕೇಳ್ತೀರಿ, ಅದಕ್ಕೆ ಅಲ್ಲಿಂದಲೇ ಶುರು ಮಾಡ್ತೀನಿ.

ಹೊರಗಿರೋ ಮನುಷ್ಯ, ಎಷ್ಟೇ ಬಡವ ಆಗಿರಲಿ, ರಾತ್ರಿ ಎರಡು ಗಂಟೆಗೆ ಎದೆ ಹಿಡ್ಕೊಳ್ತು ಅಂದ್ರೆ ಏನಾದ್ರೂ ಒಂದು ಮಾಡ್ತಾನೆ. ಪಕ್ಕದ ಮನೆ ಬಾಗಿಲು ಬಡೀತಾನೆ, ಸಾಲ ಎತ್ತುತಾನೆ, ಯಾರದೋ ಗಾಡಿ ಹತ್ತಿ ಆಸ್ಪತ್ರೆ ಮುಂದೆ ಹೋಗಿ ಬೀಳ್ತಾನೆ, ಅಲ್ಲಿ ನೋಡ್ಲಿಲ್ಲ ಅಂದ್ರೆ ಇನ್ನೊಂದು ಕಡೆ ಹೋಗ್ತಾನೆ. ಟ್ರೀಟ್‌ಮೆಂಟ್ ಸಿಗುತ್ತೋ ಬಿಡುತ್ತೋ, ಕಾಲಂತೂ ಅವನದ್ದು. ಸೆಲ್ ಒಳಗಿರೋನು ಏನ್ ಮಾಡ್ಬೇಕು? ಕೂಗ್ಬೇಕು. ಆ ಕೂಗು ಆ ಕಡೆ ಡ್ಯೂಟಿಲಿರೋ ವಾರ್ಡರ್ ಕಿವಿಗೆ ಬೀಳ್ಬೇಕು, ಬಿದ್ದ ಮೇಲೆ ಅವನು ನಂಬ್ಬೇಕು, ನಂಬಿ ಮೇಲಿನೋರನ್ನ ಎಬ್ಬಿಸ್ಬೇಕು, ಮೇಲಿನೋರು ಹೊತ್ತಲ್ಲದ ಹೊತ್ತಲ್ಲಿ ಬೀಗ ತೆಗೆಯೋಕೆ ಒಪ್ಪಬೇಕು, ಆಮೇಲೆ ಗಾಡಿ, ಗಾಡಿ ಜೊತೆ ಹೋಗೋಕೆ ಎಸ್ಕಾರ್ಟ್, ಒಂದು ಕಾಗದ, ಕಾಗದಕ್ಕೊಂದು ಸಹಿ. ಇಷ್ಟು ಜನರಲ್ಲಿ ಒಬ್ಬನೇ ಒಬ್ಬ "ನಾಟಕ ಆಡ್ತಿದಾನೆ ಬಿಡೋ, ಬೆಳಗ್ಗೆ ನೋಡೋಣ" ಅಂದ ಅಂದ್ರೆ ಅಲ್ಲಿಗೆ ಮುಗೀತು.

ಹಾಗಾಗಿ ಬಡವನ ಜೊತೆ ಹೋಲಿಸೋದು ಸ್ವಲ್ಪ ದಾರಿ ತಪ್ಪಿಸುತ್ತೆ. ಬಡವನಿಗೆ ಸಿಗಬೇಕಾದ್ದು ಸಿಗ್ತಿಲ್ಲ, ಅದು ಸರ್ಕಾರದ ತಪ್ಪು, ಅದಕ್ಕೆ ಬೇರೆ ಜಗಳ ಆಡೋಣ, ನಾನೂ ಬರ್ತೀನಿ. ಆದ್ರೆ ಕೈದಿ ವಿಷಯದಲ್ಲಿ ಸರ್ಕಾರ ಅವನು ತಾನಾಗೇ ಡಾಕ್ಟರ್ ಹತ್ರ ಹೋಗೋ ದಾರಿನೇ ಮುಚ್ಚಿದೆ. ಮುಚ್ಚಿದೋರೇ ತೆಗೆದು ಕರ್ಕೊಂಡು ಹೋಗ್ಬೇಕು. ಕೋರ್ಟು ಕೊಟ್ಟ ಶಿಕ್ಷೆ ಸ್ವಾತಂತ್ರ್ಯ ಕಿತ್ಕೊಳ್ಳೋದಷ್ಟೇ, ಅಪೆಂಡಿಕ್ಸ್ ಒಡೆದು ಸಾಯೋದನ್ನ ಯಾವ ಜಡ್ಜೂ ತೀರ್ಪಲ್ಲಿ ಬರೆದಿರಲ್ಲ. ಇನ್ನೂ ಒಂದು, ಪ್ರಪಂಚದ ಜೈಲುಗಳಲ್ಲಿ ಈಗ 1 ಕೋಟಿ 10 ಲಕ್ಷಕ್ಕೂ ಜಾಸ್ತಿ ಜನ ಇದಾರೆ, ಅದರಲ್ಲಿ ಹೆಚ್ಚೂಕಡಿಮೆ ಮೂರರಲ್ಲಿ ಒಂದು ಪಾಲು ವಿಚಾರಣಾಧೀನ ಕೈದಿಗಳು. ಅಂದ್ರೆ ತಪ್ಪು ಮಾಡಿದ್ದಾರೆ ಅಂತ ಇನ್ನೂ ಯಾರೂ ಹೇಳಿಲ್ಲ. "ತಪ್ಪು ಮಾಡಿದೋರಿಗೆ ಯಾಕೆ" ಅನ್ನೋ ಪ್ರಶ್ನೆ ಅವರ ಹತ್ರ ಬರೋದೇ ಇಲ್ಲ.

ಇಲ್ಲಿವರೆಗೂ ಬಹಳ ಜನ ತಲೆ ಆಡಿಸ್ತಾರೆ. ಕಷ್ಟ ಬರೋದು ಮುಂದಿನ ಮಾತಿಗೆ. ಕಾಯಿಲೆ ಇದೆಯೋ ಇಲ್ವೋ, ಈಗ್ಲೇ ಆಸ್ಪತ್ರೆಗೆ ಹೋಗ್ಬೇಕೋ ನಾಳೆ ಆದ್ರೂ ನಡೆಯುತ್ತೋ, ಇದನ್ನ ಬೀಗದ ಕೈ ಇಟ್ಕೊಂಡಿರೋನು ತೀರ್ಮಾನ ಮಾಡಬಾರ್ದು. ನನ್ನ ಇಡೀ ಭಾಷಣ ಇದೊಂದೇ. ಮಾತ್ರೆ ಇದೆಯಾ, ಬೆಡ್ ಇದೆಯಾ, ಅದೆಲ್ಲ ಎರಡನೇದು. ಮೊದಲನೇದು ಯಾರು ತೀರ್ಮಾನ ಮಾಡ್ತಾರೆ ಅನ್ನೋದು.

ಸ್ವಲ್ಪ ಹಿಂದಕ್ಕೆ ಹೋಗಿ ಬರೋಣ. 1577ರಲ್ಲಿ ಇಂಗ್ಲೆಂಡಿನ ಆಕ್ಸ್‌ಫರ್ಡಿನಲ್ಲಿ ಒಂದು ಕೋರ್ಟು ಕಲಾಪ ನಡೀತು. ಜೈಲಿಂದ ಕೈದಿಗಳನ್ನ ತಂದು ನಿಲ್ಲಿಸಿದ್ರು, ವಿಚಾರಣೆ ಆಯ್ತು, ಕೆಲವೇ ದಿನದಲ್ಲಿ ಜಡ್ಜು, ಶೆರಿಫ್ ಅಂದ್ರೆ ಜೈಲೂ ಸೇರಿ ಜಿಲ್ಲೆ ನೋಡ್ಕೊಳ್ಳೋ ಅಧಿಕಾರಿ, ಜ್ಯೂರಿಲಿ ಕೂತಿದ್ದೋರು, ನೋಡೋಕೆ ಬಂದಿದ್ದೋರು ಸಾಲಾಗಿ ಸತ್ರು, ನೂರಾರು ಜನ. ಜೈಲು ಜ್ವರ ಅಂತ ಕರೀತಿದ್ರು ಆಗ, ಈಗ ಟೈಫಸ್ ಅಂತೀವಿ, ಹೇನಿಂದ ಹರಡೋದು. 1750ರಲ್ಲಿ ಲಂಡನ್ನಿನ ಓಲ್ಡ್ ಬೇಲಿ ಕೋರ್ಟಲ್ಲೂ ಇದೇ ಕಥೆ, ಲಾರ್ಡ್ ಮೇಯರೇ ಹೋಗ್ಬಿಟ್ರು. ಜಡ್ಜುಗಳು ಸೊಪ್ಪು ಹೂವಿನ ಕಟ್ಟು ಹಿಡ್ಕೊಂಡು ಕೂರೋಕೆ ಶುರು ಮಾಡಿದ್ರು, ವಾಸನೆಯಿಂದ ರೋಗ ಬರುತ್ತೆ ಅಂದ್ಕೊಂಡು.

ಆಮೇಲೆ 1773ರಲ್ಲಿ ಜಾನ್ ಹೋವರ್ಡ್ ಅನ್ನೋ ಒಬ್ಬರು ಬೆಡ್‌ಫರ್ಡ್‌ಷೈರಿಗೆ ಶೆರಿಫ್ ಆದ್ರು. ಆ ಹುದ್ದೆ ಸುಮ್ನೆ ಗೌರವಕ್ಕೆ ಇಟ್ಕೊಳ್ಳೋದು, ಯಾರೂ ಜೈಲಿಗೆ ಹೋಗ್ತಿರ್ಲಿಲ್ಲ, ಇವರು ಹೋದ್ರು. ಒಂದಲ್ಲ, ಊರೂರು ತಿರುಗಿ ನೋಡಿದ್ರು. ಜೈಲು ನೋಡ್ಕೊಂಡು ಬಂದ ಮೇಲೆ ಬಟ್ಟೆ ಎಷ್ಟು ನಾರ್ತಿತ್ತು ಅಂದ್ರೆ ಮುಚ್ಚಿದ ಸಾರೋಟಲ್ಲಿ ಕೂರೋಕೆ ಆಗದೆ ಕುದುರೆ ಮೇಲೆ ಹೋಗ್ತಿದ್ರಂತೆ, ನೋಟ್‌ಬುಕ್ಕಿನ ಹಾಳೆಗಳನ್ನ ಬೆಂಕಿ ಮುಂದೆ ಹರಡಿ ಕಾಯಿಸಿದ ಮೇಲೇನೇ ಓದೋಕೆ ಆಗ್ತಿತ್ತಂತೆ, ಇದನ್ನ ಅವರೇ ಬರೆದಿಟ್ಟಿದಾರೆ. 1774ರಲ್ಲಿ ಬ್ರಿಟಿಷ್ ಪಾರ್ಲಿಮೆಂಟು ಕಾನೂನು ಮಾಡ್ತು, ಜೈಲಿನ ಗೋಡೆಗೆ ಸುಣ್ಣ ಹೊಡೀಬೇಕು, ಗಾಳಿ ಆಡ್ಬೇಕು, ಕಾಯಿಲೆಯೋರಿಗೆ ಬೇರೆ ಕೋಣೆ ಇರ್ಬೇಕು, ಒಬ್ಬ ವೈದ್ಯ ಇರ್ಬೇಕು ಅಂತ. ಕನಿಕರ ಎಷ್ಟಿತ್ತೋ ಗೊತ್ತಿಲ್ಲ, ಜಡ್ಜುಗಳು ಸಾಯ್ತಿದ್ರು ಅನ್ನೋ ಭಯ ಅಂತೂ ಇತ್ತು. ಇರಲಿ, ಭಯದಿಂದ ಆದ್ರೂ ಆಯ್ತಲ್ಲ.

ಭಯಕ್ಕೆ ಕಾರಣ ಇವತ್ತೂ ಇದೆ, ಬರೀ ರೋಗದ ಹೆಸರು ಬದಲಾಗಿದೆ. ಹೊರಗಿನ ಜನಕ್ಕಿಂತ ಜೈಲಲ್ಲಿ ಟಿಬಿ ಸುಮಾರು 10 ಪಟ್ಟು ಜಾಸ್ತಿ. ವಾರ್ಡರ್ ಶಿಫ್ಟ್ ಮುಗಿಸಿ ಮನೆಗೆ ಹೋಗ್ತಾನೆ, ವಕೀಲರು ಬಂದು ಹೋಗ್ತಾರೆ, ಬೇಲ್ ಆದೋನು ಬಸ್ ಹತ್ತುತಾನೆ. ಜೈಲಿನ ಗೋಡೆ ಮನುಷ್ಯರನ್ನ ತಡೆಯುತ್ತೆ, ಕೆಮ್ಮನ್ನ ತಡೆಯಲ್ಲ. ಟಿಬಿ ಮಾತ್ರೆ ಅರ್ಧಕ್ಕೆ ನಿಲ್ಲಿಸಿದ್ರೆ ಔಷಧಿಗೆ ಬಗ್ಗದ ಟಿಬಿ ಆಗಿ ಕೂರುತ್ತೆ, ನರ್ಸಿಂಗ್ ಓದೋರಿಗೆ ಇದನ್ನ ನಾನು ಹೇಳ್ಬೇಕಾಗಿಲ್ಲ. ಜೈಲಲ್ಲಿ ಅದು ಅರ್ಧಕ್ಕೆ ನಿಲ್ಲೋದು ರೋಗಿ ಸೋಮಾರಿತನದಿಂದ ಅಲ್ಲ, ಒಂದು ಜೈಲಿಂದ ಇನ್ನೊಂದಕ್ಕೆ ಟ್ರಾನ್ಸ್‌ಫರ್ ಆದಾಗ ಫೈಲ್ ಹಿಂದೇನೇ ಉಳ್ಕೊಳ್ಳೋದ್ರಿಂದ.

ಈಗ ರೂಲ್ಸಿಗೆ ಬರ್ತೀನಿ, ಲಾ ಸ್ಟೂಡೆಂಟ್ಸ್ ಪೆನ್ ತೆಗೀರಿ. ಕೈದಿಗಳನ್ನ ಹೇಗೆ ನೋಡ್ಕೋಬೇಕು ಅಂತ ವಿಶ್ವಸಂಸ್ಥೆಯ ಕನಿಷ್ಠ ನಿಯಮಗಳು 1955ರಲ್ಲಿ ಜಿನೀವಾದಲ್ಲಿ ಆದ್ವು. ಅವನ್ನ ತಿದ್ದಿ, 2015ರ ಡಿಸೆಂಬರ್ 17ಕ್ಕೆ ಜನರಲ್ ಅಸೆಂಬ್ಲಿ ಹೊಸದಾಗಿ ಒಪ್ಕೊಳ್ತು, ನೆಲ್ಸನ್ ಮಂಡೇಲಾ ನಿಯಮಗಳು ಅಂತ ಹೆಸರಿಟ್ರು, ಒಟ್ಟು 122. ಮಂಡೇಲಾ ಹೆಸರು ಸುಮ್ನೆ ಇಟ್ಟಿದ್ದಲ್ಲ. 27 ವರ್ಷ ಒಳಗಿದ್ದ ಮನುಷ್ಯ. ರಾಬೆನ್ ದ್ವೀಪದಲ್ಲಿ ಸುಣ್ಣದ ಕಲ್ಲಿನ ಕ್ವಾರಿಲಿ ವರ್ಷಗಟ್ಲೆ ಕೆಲಸ ಮಾಡಿಸಿದ್ರು, ಬಿಸಿಲು ಆ ಬಿಳಿ ಕಲ್ಲಿಗೆ ಬಿದ್ದು ಕಣ್ಣಿಗೆ ಹೊಡಿಯೋದು, ಕೂಲಿಂಗ್ ಗ್ಲಾಸ್ ಕೊಡಿ ಅಂದ್ರೆ ಮೊದಲು ಕೊಡ್ಲೇ ಇಲ್ಲ. ಕಣ್ಣೀರು ಗ್ರಂಥಿಗೆ ಆದ ಹಾನಿ ಕೊನೇವರೆಗೂ ಉಳೀತು. ಒಂದು ಜೊತೆ ಕಪ್ಪು ಕನ್ನಡಕ, ಅಷ್ಟೇ ಬೇಕಾಗಿದ್ದಿದ್ದು. ಬೇಡ ಅಂದಿದ್ದು ಕಣ್ಣಿನ ಡಾಕ್ಟರ್ ಅಲ್ಲ, ಜೈಲಿನ ಅಧಿಕಾರಿಗಳು. 1988ರಲ್ಲಿ ಅವರಿಗೆ ಒಳಗೇನೇ ಟಿಬಿನೂ ಆಯ್ತು.

ಆ ನಿಯಮಗಳಲ್ಲಿ 24ನೇದು ಹೇಳುತ್ತೆ, ಕೈದಿಗಳ ಆರೋಗ್ಯ ಸರ್ಕಾರದ ಹೊಣೆ, ಹೊರಗಿನ ಸಮಾಜದಲ್ಲಿ ಯಾವ ಮಟ್ಟದ ಚಿಕಿತ್ಸೆ ಸಿಗುತ್ತೋ ಅದೇ ಮಟ್ಟದ್ದು ಒಳಗೂ ಸಿಗಬೇಕು, ದುಡ್ಡು ತಗೋಬಾರ್ದು, ಎಚ್‌ಐವಿ, ಟಿಬಿ, ನಶೆಯ ಚಟ ಇಂಥದ್ದಕ್ಕೆಲ್ಲ ಚಿಕಿತ್ಸೆ ಮಧ್ಯದಲ್ಲಿ ಕಡೀಬಾರ್ದು. 27ನೇದು ನನ್ನ ಪ್ರಕಾರ ಇಡೀ ಪಟ್ಟಿಯ ಬೆನ್ನುಮೂಳೆ. ವೈದ್ಯಕೀಯ ತೀರ್ಮಾನ ತಗೊಳ್ಳೋದು ಆರೋಗ್ಯ ಸಿಬ್ಬಂದಿ ಮಾತ್ರ, ಜೈಲಿನ ಬೇರೆ ಸಿಬ್ಬಂದಿ ಅದನ್ನ ತಳ್ಳಿಹಾಕೋ ಹಾಗಿಲ್ಲ, ಕಡೆಗಣಿಸೋ ಹಾಗೂ ಇಲ್ಲ ಅಂತ ಬಿಡಿಸಿ ಬರೆದಿದಾರೆ. 30ನೇದರಲ್ಲಿ ಒಳಗೆ ಬಂದ ಕೂಡ್ಲೇ ತಪಾಸಣೆ. 45ರಲ್ಲಿ ಒಂಟಿ ಸೆರೆ ಬೇರೆ ದಾರಿನೇ ಇಲ್ಲದಾಗ ಮಾತ್ರ, ಅದೂ 43 ಮತ್ತು 44ರ ಪ್ರಕಾರ ಸತತ 15 ದಿನ ದಾಟಿದ್ರೆ ನಿಷೇಧ. 48ರಲ್ಲಿ ಹೆರಿಗೆ ನೋವು ತಿಂತಿರೋ ಹೆಂಗಸಿಗೆ ಬೇಡಿ ಹಾಕಬಾರ್ದು ಅಂತ ಇದೆ. ಇಂಥದ್ದನ್ನೂ ರೂಲ್ ಮಾಡಿ ಬರೀಬೇಕಾಗಿ ಬಂತಲ್ಲ, ಅಂದ್ರೆ ಹಾಕ್ತಿದ್ರು ಅಂತ ತಾನೇ ಅರ್ಥ.

ಇವು ಒಪ್ಪಂದ ಅಲ್ಲ, ಮುರಿದ್ರೆ ಯಾರೂ ನೇರವಾಗಿ ಕೇಸ್ ಹಾಕೋಕೆ ಆಗಲ್ಲ. ಆದ್ರೆ ಕೋರ್ಟುಗಳು ಅಳತೆಗೋಲು ಥರ ಬಳಸ್ತಾವೆ. ಕಟ್ಟಿಹಾಕೋ ಒಪ್ಪಂದ ಬೇಕು ಅಂದ್ರೆ 1966ರ ನಾಗರಿಕ ಮತ್ತು ರಾಜಕೀಯ ಹಕ್ಕುಗಳ ಒಡಂಬಡಿಕೆಯ 10ನೇ ವಿಧಿ ಇದೆ, ಸ್ವಾತಂತ್ರ್ಯ ಕಳ್ಕೊಂಡೋರನ್ನ ಮನುಷ್ಯತ್ವದಿಂದ, ಘನತೆಯಿಂದ ನೋಡ್ಬೇಕು ಅನ್ನೋದು. ಅದರ ಬಗ್ಗೆ ಇನ್ನೂ ಮಾತಾಡ್ತಾ ಹೋದ್ರೆ ನರ್ಸಿಂಗ್ ಕಡೆಯೋರು ನಿದ್ದೆ ಮಾಡ್ತಾರೆ. ಮುಂದೆ ಹೋಗ್ತೀನಿ.

ಕೋರ್ಟಿನ ಒಂದು ಕಥೆ. 1973ರ ನವೆಂಬರ್, ಅಮೆರಿಕದ ಟೆಕ್ಸಸ್ ಜೈಲು. ಗ್ಯಾಂಬಲ್ ಅನ್ನೋ ಕೈದಿ ಲಾರಿಯಿಂದ ಹತ್ತಿ ಮೂಟೆ ಇಳಿಸ್ತಿದ್ದ, 600 ಪೌಂಡಿನ ಒಂದು ಮೂಟೆ ಮೈಮೇಲೆ ಬಿತ್ತು. 270 ಕೆಜಿ ಅಂದ್ಕೊಳ್ಳಿ. ಬಿದ್ದ ಮೇಲೂ ನಾಲ್ಕು ಗಂಟೆ ಕೆಲಸ ಮಾಡ್ದ, ಆಮೇಲೆ ಬೆನ್ನು ಹಿಡ್ಕೊಂಡ್‌ಬಿಡ್ತು. ನೋವಿನ ಮಾತ್ರೆ ಕೊಟ್ರು, ರೆಸ್ಟ್ ಅಂದ್ರು, ಆಮೇಲೆ ಹಗುರ ಕೆಲಸ ಮಾಡಬಹುದು ಅಂತ ಸರ್ಟಿಫೈ ಮಾಡಿದ್ರು. ಅವನು ನೋವಿದೆ, ಆಗಲ್ಲ ಅಂದ. ಕೆಲಸಕ್ಕೆ ಬರಲ್ಲ ಅಂದಿದ್ದಕ್ಕೆ ಶಿಸ್ತು ಕ್ರಮ, ಬೇರೆ ಸೆಲ್ಲಿಗೆ ಹಾಕಿದ್ರು. ಕೊನೆಗೆ ಅವನು ಕೈಯಲ್ಲೇ ಬರೆದ ಅರ್ಜಿ ಫೆಡರಲ್ ಕೋರ್ಟಿಗೆ ಹೋಯ್ತು, ವಕೀಲರಿಲ್ಲದೆ. ಅದು ಸುಪ್ರೀಂ ಕೋರ್ಟ್ ತನಕ ಏರಿ, 1976ರಲ್ಲಿ ಎಸ್ಟೆಲ್ ವಿರುದ್ಧ ಗ್ಯಾಂಬಲ್ ಅನ್ನೋ ತೀರ್ಪಾಯ್ತು, ಬರೆದವರು ಜಸ್ಟಿಸ್ ಥರ್ಗುಡ್ ಮಾರ್ಷಲ್. ಕೈದಿಯ ಗಂಭೀರವಾದ ಕಾಯಿಲೆ ಬಗ್ಗೆ ಗೊತ್ತಿದ್ದೂ ಉಪೇಕ್ಷೆ ಮಾಡೋದು ಸಂವಿಧಾನ ನಿಷೇಧಿಸಿರೋ ಕ್ರೂರ ಶಿಕ್ಷೆಗೆ ಸಮ, ಅದನ್ನ ಮಾಡಿದ್ದು ಡಾಕ್ಟರ್ ಆಗಿರಲಿ, ಡಾಕ್ಟರ್ ಹತ್ರ ಹೋಗೋಕೆ ಬಿಡದ ಗಾರ್ಡ್ ಆಗಿರಲಿ ಅಂತ.

ದೊಡ್ಡ ತೀರ್ಪು. ಆದ್ರೆ ಗ್ಯಾಂಬಲ್ ಸೋತ. ನಿನ್ನನ್ನ ಮೂರು ತಿಂಗಳಲ್ಲಿ 17 ಸಲ ವೈದ್ಯಕೀಯ ಸಿಬ್ಬಂದಿ ನೋಡಿದಾರೆ, ಎಕ್ಸ್‌ರೇ ತೆಗೀಲಿಲ್ಲ ಅನ್ನೋದು ವೈದ್ಯರ ವಿವೇಚನೆಗೆ ಬಿಟ್ಟಿದ್ದು, ತಪ್ಪಾಗಿದ್ರೆ ಅದು ಮಾಮೂಲಿ ವೈದ್ಯಕೀಯ ನಿರ್ಲಕ್ಷ್ಯ, ಸಂವಿಧಾನದ ವಿಷಯ ಅಲ್ಲ ಅಂದ್ಬಿಟ್ರು. 8 ಜನ ಒಂದು ಕಡೆ, ಜಸ್ಟಿಸ್ ಸ್ಟೀವನ್ಸ್ ಒಬ್ಬರೇ ಇನ್ನೊಂದು ಕಡೆ. ಅವರು ಭಿನ್ನಮತದಲ್ಲಿ ಹೇಳಿದ್ದು, ಶಿಕ್ಷೆ ಕ್ರೂರವೋ ಅಲ್ವೋ ಅನ್ನೋದು ಕೊಟ್ಟೋನ ಮನಸ್ಸಲ್ಲಿ ಏನಿತ್ತು ಅನ್ನೋದರ ಮೇಲೆ ನಿಲ್ಲಬಾರ್ದು ಅಂತ. ನನ್ನ ವೋಟು ಸ್ಟೀವನ್ಸ್‌ಗೇ. ಯಾಕಂದ್ರೆ ಉದ್ದೇಶ ಸಾಬೀತು ಮಾಡು ಅಂದ್ರೆ ಕೈದಿ ಎಲ್ಲಿಂದ ಮಾಡ್ತಾನೆ? ಫೈಲು ಅವರ ಹತ್ರ, ಸಾಕ್ಷಿಗಳು ಅವರ ಕೈಕೆಳಗೆ. ಗೊತ್ತಿರ್ಲಿಲ್ಲ ಅಂತ ಹೇಳೋದು ಬಹಳ ಸುಲಭ, ಅದರಲ್ಲೂ ಗೊತ್ತಾಗದ ಹಾಗೆ ವ್ಯವಸ್ಥೆ ಮಾಡ್ಕೊಂಡಿರೋರಿಗೆ.

ಯೂರೋಪಿನ ಮಾನವ ಹಕ್ಕು ನ್ಯಾಯಾಲಯ ಈ ಉದ್ದೇಶದ ಗೊಡವೆಗೆ ಅಷ್ಟಾಗಿ ಹೋಗಲ್ಲ. 2000ದಲ್ಲಿ ಪೋಲೆಂಡಿನ ಕುಡ್ಲಾ ಕೇಸಲ್ಲಿ, ಬೇಕಾದ ವೈದ್ಯಕೀಯ ನೆರವು ಕೊಟ್ಟು ಕೈದಿಯ ಆರೋಗ್ಯ ಕಾಪಾಡೋದು ಸರ್ಕಾರದ ಕರ್ತವ್ಯ ಅಂತ ನೇರವಾಗಿ ಹೇಳ್ತು. 2002ರಲ್ಲಿ ಫ್ರಾನ್ಸಿನ ಒಂದು ಕೇಸು, ರಕ್ತದ ಕ್ಯಾನ್ಸರ್ ಇದ್ದ ಕೈದಿ, ಕೀಮೋಥೆರಪಿಗೆ ಕರ್ಕೊಂಡು ಹೋಗುವಾಗ ಬೇಡಿ, ಕಾಲಿಗೆ ಸರಪಳಿ. ಅಷ್ಟು ನಿತ್ರಾಣ ಆದೋನು ಎಲ್ಲಿಗೆ ಓಡಿ ಹೋಗ್ತಾನೆ ಅನ್ನೋ ಸಾಮಾನ್ಯ ಪ್ರಶ್ನೆ ಯಾರಿಗೂ ಹೊಳೀಲಿಲ್ಲ. ಕೋರ್ಟು ಇದು ಅಮಾನವೀಯ ಅಂತು. ಇನ್ನು ಮಾಸ್ಕೋದ ಜೈಲಲ್ಲಿದ್ದ ತೆರಿಗೆ ಸಲಹೆಗಾರ ಸೆರ್ಗೇಯ್ ಮ್ಯಾಗ್ನಿಟ್ಸ್ಕಿ. 2009ರ ಜುಲೈನಲ್ಲಿ ಪಿತ್ತಕೋಶದ ಕಲ್ಲು, ಪ್ಯಾಂಕ್ರಿಯಾಸ್ ತೊಂದರೆ ಅಂತ ಗೊತ್ತಾಯ್ತು, ಆಗಸ್ಟ್ 1ಕ್ಕೆ ಮತ್ತೆ ಸ್ಕ್ಯಾನ್ ಮಾಡೋದಿತ್ತು. ಜುಲೈ 25ಕ್ಕೆ ಆ ಸೌಲಭ್ಯ ಇಲ್ಲದ ಬೇರೆ ಜೈಲಿಗೆ ಟ್ರಾನ್ಸ್‌ಫರ್! ನವೆಂಬರ್ 16ಕ್ಕೆ ತೀರ್ಕೊಂಡ, 37 ವರ್ಷ. ಸರಿಯಾದ ಚಿಕಿತ್ಸೆ ಕೊಡದೆ ಜೀವಿಸೋ ಹಕ್ಕನ್ನೇ ಉಲ್ಲಂಘಿಸಿದ್ರಿ ಅಂತ ಅದೇ ಕೋರ್ಟು ಹೇಳಿದ್ದು 2019ರಲ್ಲಿ, ಹತ್ತು ವರ್ಷ ಆದ ಮೇಲೆ.

ಈಗ ನಾನು ನಿಜವಾಗ್ಲೂ ಹೇಳ್ಬೇಕು ಅಂತ ಬಂದಿದ್ದು. ನರ್ಸಿಂಗ್‌ನೋರು ಸ್ವಲ್ಪ ಮುಂದಕ್ಕೆ ಬಾಗಿ.

1977, ದಕ್ಷಿಣ ಆಫ್ರಿಕಾದ ಪೋರ್ಟ್ ಎಲಿಜಬೆತ್. ಸ್ಟೀವ್ ಬೀಕೋ, ಕರಿಯರ ಚಳವಳಿಯ ನಾಯಕ, 30 ವರ್ಷ. ಆಗಸ್ಟ್‌ನಲ್ಲಿ ಹಿಡಿದ್ರು, ಬೆತ್ತಲೆ ಇಟ್ಟಿದ್ರು. ಸೆಪ್ಟೆಂಬರ್ 6ಕ್ಕೆ ಸೆಕ್ಯೂರಿಟಿ ಪೊಲೀಸರ ವಿಚಾರಣೆಯಲ್ಲಿ ತಲೆಗೆ ಪೆಟ್ಟು ಬಿತ್ತು. ಮಾರನೇ ದಿನ ಜಿಲ್ಲಾ ಸರ್ಜನ್ ಡಾ. ಲ್ಯಾಂಗ್ ಬಂದು ನೋಡಿದ್ರು. ಮಾತು ತೊದಲ್ತಿದೆ, ತುಟಿ ಊದಿದೆ, ನಡಿಗೆ ತೂರಾಡ್ತಿದೆ. ಬರೆದ ಸರ್ಟಿಫಿಕೇಟಲ್ಲಿ ಏನೂ ತೊಂದರೆ ಕಾಣಲಿಲ್ಲ ಅಂತ ಇದೆ. ಪೊಲೀಸ್ ಅಧಿಕಾರಿ ಕೇಳಿ ಬರೆಸ್ಕೊಂಡ ಸರ್ಟಿಫಿಕೇಟು ಅದು. ಆಮೇಲೆ ಹಿರಿಯ ಡಾಕ್ಟರ್ ಟಕ್ಕರ್ ಬಂದ್ರು. ಬೆನ್ನುಹುರಿಯ ನೀರು ತೆಗೆಸಿ ನೋಡಿದ್ರು, ಅದರಲ್ಲಿ ರಕ್ತ. ತಲೆ ಒಳಗೆ ಏನೋ ಆಗಿದೆ ಅಂತ ಇದಕ್ಕಿಂತ ಜೋರಾಗಿ ದೇಹ ಹೇಳೋಕೆ ಸಾಧ್ಯ ಇಲ್ಲ. ಆದ್ರೂ ಮತ್ತೆ ಪೊಲೀಸ್ ಸೆಲ್ಲಿಗೇ ವಾಪಸ್. 11ನೇ ತಾರೀಕು ಬಾಯಲ್ಲಿ ನೊರೆ, ನೆಲದ ಮೇಲೆ ಬಿದ್ದಿದಾರೆ. ಆಸ್ಪತ್ರೆಗೆ ಸೇರಿಸ್ಬೇಕು ಅಂತ ಟಕ್ಕರ್ ಹೇಳಿದ್ರು. ಪೊಲೀಸ್ ಕರ್ನಲ್ ಇಲ್ಲಿನ ಆಸ್ಪತ್ರೆಗೆ ಆಗಲ್ಲ, ಭದ್ರತೆ ಸಮಸ್ಯೆ ಅಂದ. ಪ್ರಿಟೋರಿಯಾಗೆ ಕಳಿಸ್ತೀವಿ ಅಂದ. ಟಕ್ಕರ್ ಆಯ್ತು ಅಂದ್ರು.

ಸುಮಾರು 1,200 ಕಿಲೋಮೀಟರ್. ಲ್ಯಾಂಡ್ ರೋವರ್ ಹಿಂಭಾಗದಲ್ಲಿ, ಬೆತ್ತಲೆ, ರಾತ್ರಿಯೆಲ್ಲ, ಜೊತೆಗೆ ಒಬ್ಬ ನರ್ಸ್ ಇಲ್ಲ, ಒಂದು ಕೇಸ್ ಶೀಟ್ ಇಲ್ಲ. 12ನೇ ತಾರೀಕು ಪ್ರಿಟೋರಿಯಾದ ಜೈಲಲ್ಲಿ ಪ್ರಾಣ ಹೋಯ್ತು. ಸರ್ಕಾರದ ಮಂತ್ರಿ ಮೊದಲು ಉಪವಾಸ ಸತ್ಯಾಗ್ರಹದ ಮಾತು ಎತ್ತಿದ್ರು. ಮರಣ ವಿಚಾರಣೆಯಲ್ಲಿ ಯಾರೂ ಹೊಣೆ ಅಲ್ಲ ಅಂತ ಆಯ್ತು. ವೈದ್ಯಕೀಯ ಮಂಡಳಿನೂ ಡಾಕ್ಟರ್‌ಗಳ ಮೇಲೆ ಕ್ರಮಕ್ಕೆ ಆಧಾರ ಇಲ್ಲ ಅಂತು. ಬೇರೆ ಡಾಕ್ಟರ್‌ಗಳು ಕೋರ್ಟಿಗೆ ಹೋಗಿ ಜಗಳ ಆಡಿ, 1985ರಲ್ಲಿ ಟಕ್ಕರ್ ಹೆಸರನ್ನ ರಿಜಿಸ್ಟರಿಂದ ತೆಗೆದ್ರು. ಎಂಟು ವರ್ಷ.

ಈ ಟಕ್ಕರ್ ರಾಕ್ಷಸ ಏನಲ್ಲ, ನನಗೆ ಹೆದರಿಕೆ ಆಗೋದೇ ಅದಕ್ಕೆ. ಆಸ್ಪತ್ರೆ ಬೇಕು ಅಂತ ಬಾಯಿಬಿಟ್ಟು ಹೇಳಿದ ಮನುಷ್ಯ. ಎದುರಿಗಿದ್ದ ಯೂನಿಫಾರ್ಮು ಬೇಡ ಅಂದಾಗ ಸುಮ್ಮನಾದ್ರು, ಅಷ್ಟೇ. ವರ್ಷಗಟ್ಲೆ ಅದೇ ಕಾರಿಡಾರಲ್ಲಿ ಅದೇ ಆಫೀಸರ್‌ಗಳ ಜೊತೆ ಕಾಫಿ ಕುಡ್ಕೊಂಡು ಓಡಾಡಿದ ಮೇಲೆ ಡಾಕ್ಟರ್‌ಗೆ ತಾನು ಯಾರ ಡಾಕ್ಟರ್ ಅನ್ನೋದೇ ಮರ್ತು ಹೋಗುತ್ತೆ. ಹೀಗೆ ಎರಡು ಕಡೆ ನಿಷ್ಠೆ ಇಟ್ಕೊಂಡಿರೋ ಡಾಕ್ಟರ್ ಇವತ್ತೂ ಪ್ರತಿ ಜೈಲಲ್ಲೂ ಇದಾರೆ.

ಇದೇ ಕಥೆಗೆ ಇನ್ನೊಂದು ಬಾಲ ಇದೆ, ಅದನ್ನ ಯಾರೂ ಅಷ್ಟಾಗಿ ಹೇಳಲ್ಲ. ಅದೇ 1985, ಅದೇ ಪೋರ್ಟ್ ಎಲಿಜಬೆತ್, ಅದೇ ಜಿಲ್ಲಾ ಸರ್ಜನ್ ಆಫೀಸು, ಮೇಲಧಿಕಾರಿ ಅದೇ ಡಾ. ಲ್ಯಾಂಗ್. ಅಲ್ಲಿ ವೆಂಡಿ ಆರ್ ಅನ್ನೋ ಹೊಸ ಡಾಕ್ಟರ್, ಓದು ಮುಗಿಸಿ ಬಂದು ಇನ್ನೂ ಜಾಸ್ತಿ ದಿನ ಆಗಿರ್ಲಿಲ್ಲ. ತುರ್ತು ಪರಿಸ್ಥಿತಿ, ಜನರನ್ನ ಹಿಡಿದು ಹಿಡಿದು ತಂದು ತುಂಬ್ತಿದ್ರು, ಅವರ ತಪಾಸಣೆ ಇವರ ಡ್ಯೂಟಿ. ಬೆನ್ನ ಮೇಲೆ ಬಾಸುಂಡೆ, ಕಿವಿ ತಮಟೆ ಹರಿದಿದೆ. ಅವರು ಮಾಡಿದ್ದು ಬಹಳ ಸಣ್ಣ ಕೆಲಸ, ಕಂಡಿದ್ದನ್ನ ಕಂಡ ಹಾಗೆ ಬರೆದಿಟ್ರು, ಒಬ್ಬೊಬ್ಬರದ್ದೂ. ಮೇಲಿನೋರು ತಲೆ ಕೆಡಿಸ್ಕೊಳ್ಳಲಿಲ್ಲ. ಆಗ ಆ ದಾಖಲೆ ಇಟ್ಕೊಂಡು ನೇರ ಕೋರ್ಟಿಗೆ ಅಫಿಡವಿಟ್ ಹಾಕಿದ್ರು, ಸೆಪ್ಟೆಂಬರ್‌ನಲ್ಲಿ ಕೋರ್ಟು ಬಂಧಿತರ ಮೇಲೆ ಕೈ ಮಾಡ್ಬೇಡಿ ಅಂತ ಪೊಲೀಸರಿಗೆ ತಡೆ ಕೊಡ್ತು. ಬಹುಮಾನ ಏನು ಸಿಕ್ತು ಅಂದ್ರೆ ಜೈಲಿನ ಕೆಲಸದಿಂದ ಎತ್ತಿ ಬೇರೆ ಕಡೆ ಹಾಕಿದ್ರು. ಆಮೇಲೆ ಕಾಲ ಬದಲಾಗಿ ಅವರು ವರ್ಣಭೇದ ಕಾಲದ ದೌರ್ಜನ್ಯಗಳನ್ನ ವಿಚಾರಿಸಿದ ಸತ್ಯ ಮತ್ತು ಸಾಮರಸ್ಯ ಆಯೋಗದ ಸದಸ್ಯರಾದ್ರು, ಅದು ಬೇರೆ ಮಾತು.

ಒಂದೇ ಆಫೀಸು, ಒಂದೇ ಕಾನೂನು, ಒಂದೇ ಔಷಧಿ ಬೀರು. ಹಂಗಂತ ಎಲ್ಲ ಡಾಕ್ಟರ್‌ಗಳೂ ವೆಂಡಿ ಆರ್ ಆಗ್ಲಿ ಅಂತ ಕಾಯೋಕೆ ಆಗಲ್ಲ. ಧೈರ್ಯ ನಂಬ್ಕೊಂಡು ವ್ಯವಸ್ಥೆ ಕಟ್ಟಬಾರ್ದು. ಧೈರ್ಯವೇ ಬೇಕಾಗದ ಹಾಗೆ ಕಟ್ಟಬೇಕು. ಅದಕ್ಕೆ ಕೆಲವು ದೇಶಗಳು ಮಾಡಿರೋದು ಕೇಳೋಕೆ ಬೋರಿಂಗ್, ಆದ್ರೆ ಕೆಲಸ ಮಾಡುತ್ತೆ: ಜೈಲಿನ ಡಾಕ್ಟರ್‌ನ ಜೈಲು ಇಲಾಖೆಯಿಂದ ಕಿತ್ತು ಆರೋಗ್ಯ ಇಲಾಖೆಗೆ ಹಾಕೋದು. ನಾರ್ವೆ 1988ರಲ್ಲಿ ಮಾಡ್ತು, ಫ್ರಾನ್ಸ್ 1994ರಲ್ಲಿ, ಇಂಗ್ಲೆಂಡಲ್ಲಿ 2006ರ ಹೊತ್ತಿಗೆ ಪೂರ್ತಿ ಅಲ್ಲಿನ ಸರ್ಕಾರಿ ಆರೋಗ್ಯ ಸೇವೆಯಾದ ಎನ್‌ಎಚ್‌ಎಸ್‌ಗೆ ಬಂತು, ಫಿನ್ಲೆಂಡ್ 2016ರಲ್ಲಿ. ಸಂಬಳ, ಬಡ್ತಿ, ವರ್ಗಾವಣೆ ಸೂಪರಿಂಟೆಂಡೆಂಟ್ ಕೈಯಲ್ಲಿ ಇಲ್ಲ ಅಂದ್ರೆ "ಈ ಪೇಷೆಂಟ್ ಈಗ್ಲೇ ಹೋಗ್ಬೇಕು" ಅಂತ ಹೇಳೋಕೆ ವೀರಾಧಿವೀರ ಆಗ್ಬೇಕಾಗಿಲ್ಲ.

ಇನ್ನೊಂದು ಜಾಗ ಇದೆ, ಯಾರೂ ಬೇಕಂತ ಕೆಟ್ಟದ್ದು ಮಾಡದೇನೂ ಜನ ಸಾಯೋ ಜಾಗ. ಕಿಕ್ಕಿರಿದ ಜೈಲು. ಕ್ಯಾಲಿಫೋರ್ನಿಯಾದಲ್ಲಿ ಸುಮಾರು 80,000 ಜನಕ್ಕೆ ಕಟ್ಟಿದ ಜೈಲುಗಳಲ್ಲಿ 1,56,000 ಜನ ಇದ್ರು. 2011ರ ಬ್ರೌನ್ ವಿರುದ್ಧ ಪ್ಲಾಟಾ ತೀರ್ಪು ಓದಿ, ಫೋಟೋನೂ ಸೇರಿಸಿದಾರೆ ಅದಕ್ಕೆ. 12 ಅಡಿಗೆ 20 ಅಡಿ ಇರೋ ಒಂದು ಪಂಜರದಲ್ಲಿ 50 ಜನ ಕಾಯಿಲೆಯೋರನ್ನ ಐದು ಗಂಟೆವರೆಗೂ ನಿಲ್ಲಿಸೋದು, ಡಾಕ್ಟರ್‌ಗೋಸ್ಕರ. ಆತ್ಮಹತ್ಯೆ ಯೋಚನೆ ಇರೋನನ್ನ ಟೆಲಿಫೋನ್ ಬೂತ್ ಅಷ್ಟಿರೋ ಗೂಡಲ್ಲಿ ಇಡೋದು. ಆರೇಳು ದಿನಕ್ಕೆ ಒಬ್ಬ ಕೈದಿ ಸಾಯಬಾರದ ಸಾವು ಸಾಯ್ತಿದ್ದ ಅಂತ ಕೆಳಗಿನ ಕೋರ್ಟು ಲೆಕ್ಕ ಹಾಕಿತ್ತು. ಡಾಕ್ಟರ್ ಹಾಕಿದ್ರೂ, ಮಾತ್ರೆ ತರಿಸಿದ್ರೂ ಆಗಲ್ಲ, ಜನ ಕಮ್ಮಿ ಮಾಡಿ ಅಂತ ಸುಪ್ರೀಂ ಕೋರ್ಟೇ ಹೇಳ್ಬೇಕಾಯ್ತು, ಅದೂ 5-4ರಲ್ಲಿ, ಕೂದಲೆಳೆಯಲ್ಲಿ.

ಇಷ್ಟು ಸಾಕು, ಪ್ರಶ್ನೆ ತಗೊಳ್ತೀನಿ. (ಇಲ್ಲಿ ಕೆಲವನ್ನ ಮಾತ್ರ ಬರೀತಿದೀನಿ.)

ಒಬ್ಬ ಹುಡುಗ ಕೇಳಿದ್ದು: "ಸರ್, ನಿಜವಾಗ್ಲೂ ನಾಟಕ ಮಾಡೋರು ಇರ್ತಾರಲ್ಲ? ಆಸ್ಪತ್ರೆ ನೆಪದಲ್ಲಿ ಹೊರಗೆ ಬರೋಕೆ?"

ಇರ್ತಾರೆ ಕಣಪ್ಪ. ಇಲ್ಲ ಅಂತ ಯಾರು ಹೇಳಿದ್ರು. ದುಡ್ಡು, ವಶೀಲಿ ಇರೋರು ಏಸಿ ರೂಮಲ್ಲಿ ಮಲಗಿರೋದೂ ಇದೆ, ಅದೂ ಇದೇ ರೋಗದ ಇನ್ನೊಂದು ಮುಖ, ಅಲ್ಲೂ ತೀರ್ಮಾನ ವೈದ್ಯಕೀಯ ಅಲ್ಲ. ಆದ್ರೆ ನಾಟಕವೋ ನಿಜವೋ ಅಂತ ಕಂಡುಹಿಡಿಯೋಕೆ ಬಿಪಿ ನೋಡ್ಬೇಕು, ಇಸಿಜಿ ತೆಗೀಬೇಕು, ಹೊಟ್ಟೆ ಒತ್ತಿ ನೋಡ್ಬೇಕು. ಸರಳಿನ ಆ ಕಡೆ ನಿಂತ್ಕೊಂಡು ಮುಖ ನೋಡಿ ಹೇಳೋಕೆ ಆಗಲ್ಲ. ಹತ್ತು ನಾಟಕಕ್ಕೆ ಡಾಕ್ಟರ್ ಎದ್ದು ಬಂದ್ರೆ ಹತ್ತು ಸಲ ನಿದ್ದೆ ಕೆಡುತ್ತೆ. ಒಂದು ನಿಜಕ್ಕೆ ಬರದೇ ಇದ್ರೆ ಏನಾಗುತ್ತೆ ಅಂತ ನಿಮಗೇ ಗೊತ್ತು.

ನರ್ಸಿಂಗ್ ಓದ್ತಿರೋ ಹುಡುಗಿ: "ನಾವು ಜೈಲಲ್ಲಿ ಕೆಲಸಕ್ಕೆ ಸೇರಿದ್ರೆ ಮೊದಲು ಏನ್ ನೋಡ್ಬೇಕು?"

ಒಳ್ಳೇ ಪ್ರಶ್ನೆಮ್ಮ. ಔಷಧಿ ಸ್ಟಾಕ್ ನೋಡೋಕೆ ಮುಂಚೆ ಚೀಟಿ ಎಲ್ಲಿಂದ ಎಲ್ಲಿಗೆ ಹೋಗುತ್ತೆ ನೋಡು. ಹುಷಾರಿಲ್ಲ ಅಂತ ಕೈದಿ ಹೇಗೆ ತಿಳಿಸ್ತಾನೆ? ಬಹಳ ಕಡೆ ಒಂದು ಚೀಟಿ ಬರೆದು ವಾರ್ಡರ್ ಕೈಗೆ ಕೊಡ್ಬೇಕು. ಅಂದ್ರೆ ನನಗೆ ಇಂಥಾ ಜಾಗದಲ್ಲಿ ಹುಣ್ಣಾಗಿದೆ ಅಂತ ವಾರ್ಡರ್ ಓದ್ತಾನೆ. ಓದು ಬರಹ ಬರದೋನು ಪಕ್ಕದೋನ ಹತ್ರ ಬರೆಸ್ತಾನೆ, ಸಂಜೆ ಹೊತ್ತಿಗೆ ಇಡೀ ಬ್ಯಾರಕ್ಕಿಗೆ ಗೊತ್ತು. ಎಚ್‌ಐವಿ ಇರೋನು ಹೇಳ್ಕೊಳ್ತಾನಾ? ಬೀಗ ಇರೋ ಡಬ್ಬಿ ಇಡಿಸಿ, ಕೀ ಆರೋಗ್ಯ ಸಿಬ್ಬಂದಿ ಹತ್ರ ಮಾತ್ರ ಇರಲಿ, ಎಷ್ಟು ಚೀಟಿ ಬಂತು, ಎಷ್ಟು ಜನರನ್ನ ನೋಡಿದ್ರಿ, ಎಷ್ಟು ಹೊತ್ತಿಗೆ ನೋಡಿದ್ರಿ ಅಂತ ರಿಜಿಸ್ಟರ್ ಇಡಿ. ತಪಾಸಣೆ ಮಾಡುವಾಗ ವಾರ್ಡರ್ ಕಣ್ಣಿಗೆ ಕಾಣೋ ದೂರದಲ್ಲಿ ನಿಲ್ಲಬಹುದು, ಕಿವಿಗೆ ಕೇಳೋ ದೂರದಲ್ಲಿ ಬೇಡ. ಮತ್ತೆ ಶಿಕ್ಷೆಗೆ ಫಿಟ್ ಇದಾನೆ ಅಂತ ಸಹಿ ಕೇಳಿದ್ರೆ ಹಾಕ್ಬೇಡ, ಶಿಸ್ತು ಕ್ರಮದಲ್ಲಿ ಆರೋಗ್ಯ ಸಿಬ್ಬಂದಿ ಪಾಲು ಇರಬಾರ್ದು ಅಂತ ಮಂಡೇಲಾ ನಿಯಮ 46ರಲ್ಲೇ ಇದೆ.

ಹಿರಿಯರೊಬ್ಬರು, ಸ್ವಲ್ಪ ಹೊತ್ತು ಸುಮ್ನಿದ್ದು ಕೇಳಿದ್ರು: "ನಮ್ಮೋರು ಯಾರಾದ್ರೂ ಒಳಗಿದ್ರೆ ಹೊರಗಿನಿಂದ ಏನ್ ಮಾಡಬಹುದು?"

ಕಾಗದ ಮಾಡಿ. ಫೋನಲ್ಲಿ ಬೇಡ್ಕೊಂಡಿದ್ದು ಯಾರಿಗೂ ನೆನಪಿರಲ್ಲ. ಯಾವ ಮಾತ್ರೆ, ಎಷ್ಟು ಎಂಜಿ, ಯಾವ ಡಾಕ್ಟರ್ ಬರೆದಿದ್ದು, ಹಳೇ ರಿಪೋರ್ಟು, ಎಲ್ಲ ಸೇರಿಸಿ ಮೊದಲನೇ ದಿನವೇ ಜೈಲಿಗೂ ಜೈಲಿನ ಡಾಕ್ಟರ್‌ಗೂ ಲಿಖಿತವಾಗಿ ಕೊಟ್ಟು ಸ್ವೀಕೃತಿ ಇಟ್ಕೊಳ್ಳಿ. ಶುಗರ್, ಫಿಟ್ಸ್, ಹೃದಯದ ತೊಂದರೆ ಇರೋರಿಗೆ ಮೊದಲ ಎರಡು ಮೂರು ದಿನವೇ ಅಪಾಯದ್ದು, ಆಗಲೇ ಮಾತ್ರೆ ತಪ್ಪೋದು. ಗೊತ್ತಿರ್ಲಿಲ್ಲ ಅಂತ ನಾಳೆ ಯಾರೂ ಹೇಳೋ ಹಾಗಿರಬಾರ್ದು. ಆಗ್ಲೇ ಹೇಳಿದ್ನಲ್ಲ, ಕೇಸುಗಳು ನಿಲ್ಲೋದೂ ಬೀಳೋದೂ ಅಲ್ಲೇ. ಕೇಳಿದ್ರೆ ಕೈದಿಗೆ ತನ್ನ ಆರೋಗ್ಯದ ಫೈಲ್ ತೋರಿಸ್ಬೇಕು ಅನ್ನೋದೂ ನಿಯಮ 26ರಲ್ಲಿ ಇದೆ, ಕೇಳೋಕೆ ಹೇಳಿ ಅವರಿಗೆ.

ಕೊನೇ ಪ್ರಶ್ನೆ ಬಿಡುಗಡೆ ಆದ ಮೇಲೆ ಏನು ಅನ್ನೋದು. ಇದನ್ನ ಯಾರೂ ಕೇಳಲ್ಲ ಸಾಮಾನ್ಯವಾಗಿ, ಖುಷಿ ಆಯ್ತು. ಗೇಟು ದಾಟಿದ ಮೇಲೆ ನಮ್ಮ ಜವಾಬ್ದಾರಿ ಮುಗೀತು ಅಂತ ಜೈಲು ಅಂದ್ಕೊಳ್ಳುತ್ತೆ. ಅಮೆರಿಕದ ವಾಷಿಂಗ್ಟನ್ ರಾಜ್ಯದಲ್ಲಿ ಬಿಡುಗಡೆ ಆದ 30,000ಕ್ಕೂ ಜಾಸ್ತಿ ಜನರ ಲೆಕ್ಕ ಹಿಡಿದು ಮಾಡಿದ ಅಧ್ಯಯನ 2007ರಲ್ಲಿ ಬಂತು. ಹೊರಗೆ ಬಂದ ಮೊದಲ ಎರಡು ವಾರದಲ್ಲಿ ಸಾಯೋ ಸಾಧ್ಯತೆ ಅದೇ ವಯಸ್ಸಿನ ಬೇರೆಯೋರಿಗಿಂತ 12.7 ಪಟ್ಟು. ಡ್ರಗ್ಸ್ ಓವರ್‌ಡೋಸಿಂದ ಸಾಯೋದು 129 ಪಟ್ಟು. ಒಳಗಿದ್ದಾಗ ದೇಹದ ಅಭ್ಯಾಸ ತಪ್ಪಿರುತ್ತೆ, ಹೊರಗೆ ಬಂದು ಹಳೇ ಅಳತೆಗೇ ತಗೊಳ್ತಾರೆ. ಒಳಗೇ ಚಟಕ್ಕೆ ಚಿಕಿತ್ಸೆ ಶುರು ಮಾಡಿ ಹೊರಗಿನ ಕ್ಲಿನಿಕ್ಕಿಗೆ ಜೋಡಿಸಿದ್ರೆ ಇದರಲ್ಲಿ ಎಷ್ಟೋ ಜೀವ ಉಳಿಯುತ್ತೆ.

ಇದರಲ್ಲಿ ಒಂದು ಸಣ್ಣ ವಿಷಯ ನನಗೆ ಬಹಳ ಇಷ್ಟ. ಇಂಗ್ಲೆಂಡಲ್ಲಿ ಎಷ್ಟೋ ಬಿಡುಗಡೆ ಶುಕ್ರವಾರ ಬೀಳ್ತಿತ್ತು. ಶುಕ್ರವಾರ ಮಧ್ಯಾಹ್ನ ಹೊರಗೆ ಬಂದೋನು ಊರು ಮುಟ್ಟೋ ಹೊತ್ತಿಗೆ ಕ್ಲಿನಿಕ್ಕು, ಔಷಧಿ ಬರೆದುಕೊಡೋರು, ಮನೆ ಹುಡುಕಿಕೊಡೋ ಆಫೀಸು, ಎಲ್ಲ ಬಾಗಿಲು ಹಾಕಿರೋದು, ಸೋಮವಾರದವರೆಗೂ ಮಾತ್ರೆ ಇಲ್ಲ. 2023ರಲ್ಲಿ ಅದಕ್ಕೇ ಅಂತಲೇ ಒಂದು ಕಾನೂನು ಮಾಡಿದ್ರು. ತೊಂದರೆಗೆ ಸಿಕ್ಕಿಹಾಕ್ಕೊಳ್ಳೋ ಅಂಥ ಕೈದಿಗಳನ್ನ ಶುಕ್ರವಾರದ ಬದಲು ಒಂದೆರಡು ದಿನ ಮುಂಚೆನೇ ಬಿಡಬಹುದು. ದುಡ್ಡೂ ಅಷ್ಟು ಖರ್ಚಿಲ್ಲ, ಯಾರೋ ಒಬ್ಬರು ಕ್ಯಾಲೆಂಡರ್ ನೋಡಿದಾರೆ ಅಷ್ಟೇ. ಹೊರಗೆ ಹೋಗುವಾಗ ಕೈಗೆ ಎರಡು ವಾರದ ಮಾತ್ರೆ, ಒಂದು ಡಿಸ್ಚಾರ್ಜ್ ಸಮ್ಮರಿ, ಮುಂದಿನ ಅಪಾಯಿಂಟ್‌ಮೆಂಟಿನ ತಾರೀಕು ಬರೆದ ಚೀಟಿ ಕೊಟ್ಟು ಕಳಿಸಿದ್ರೆ ನಾನು ಆ ಜೈಲಿಗೆ ಅರ್ಧ ಮಾರ್ಕ್ಸ್ ಅಲ್ಲೇ ಕೊಡ್ತೀನಿ. ಉಳಿದರ್ಧ ಆ ರಾತ್ರಿ ಎರಡು ಗಂಟೆಗೆ ಬೀಗ ಎಷ್ಟು ನಿಮಿಷದಲ್ಲಿ ತೆಗೀತಾರೆ ಅನ್ನೋದಕ್ಕೆ, ಅದನ್ನ ರಿಜಿಸ್ಟರ್ ನೋಡಿ ಹಾಕ್ಬೇಕು, ಸೂಪರಿಂಟೆಂಡೆಂಟ್ ಮಾತು ಕೇಳಿ ಅಲ್ಲ.